ಸೂಟ್‌ಕೇಸಿನಲ್ಲಿ ಸಾಯದೆ ಉಳಿದವು

2023ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದಿಳಿದ ವಿಮಾನವೊಂದರ ಸಾಮಾನನ್ನು ಕಸ್ಟಮ್ಸ್ ಅಧಿಕಾರಿಗಳು ತೆರೆಸಿದಾಗ ಒಳಗಿದ್ದದ್ದು 78 ಪ್ರಾಣಿಗಳು. ಅವುಗಳಲ್ಲಿ 55 ಬಾಲ್ ಪೈಥಾನ್ ಎಂಬ ಆಫ್ರಿಕಾದ ಹೆಬ್ಬಾವುಗಳು, 17 ಕಾಳಿಂಗ ಸರ್ಪಗಳು, 6 ಕಪುಚಿನ್ ಕೋತಿಗಳು. ಹಾವುಗಳೆಲ್ಲ ಜೀವಂತವಾಗಿದ್ದವು, ಆರೂ ಕೋತಿಗಳು ಸತ್ತಿದ್ದವು. ಅದಕ್ಕೆ ಎರಡು ವಾರದ ಹಿಂದೆ ಇದೇ ನಿಲ್ದಾಣದಲ್ಲಿ ಇದೇ ಊರಿನಿಂದ ಬಂದ ಇನ್ನೊಬ್ಬ ಪ್ರಯಾಣಿಕನ ಚೀಲದಲ್ಲಿ 234 ಪ್ರಾಣಿಗಳು ಸಿಕ್ಕಿದ್ದವು. ಹೆಬ್ಬಾವು, ಊಸರವಳ್ಳಿ, ಇಗ್ವಾನಾ ಎಂಬ ದೊಡ್ಡ ಓತಿ, ಆಮೆ, ಮೊಸಳೆಯ ಜಾತಿಯ ಮರಿ, ಜೊತೆಗೆ ಒಂದು ಕಾಂಗರೂ ಮರಿ. ಕಾಂಗರೂ ಮರಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಉಸಿರುಕಟ್ಟಿ ಸತ್ತಿತ್ತು. ಮರುದಿನದ ಪತ್ರಿಕೆಗಳಲ್ಲಿ ನಾವೆಲ್ಲ ಮರುಗಿದ್ದು ಆ ಕಾಂಗರೂ ಮರಿಗೆ ಮತ್ತು ಆ ಕೋತಿಗಳಿಗೆ. ಹಾವುಗಳು ಬದುಕಿದ್ದವಲ್ಲ, ಅವುಗಳ ಪಾಡಿಗೆ ತೊಂದರೆಯೇನೂ ಆಗಿಲ್ಲ ಎಂಬಂತೆ ಸುದ್ದಿ ಮುಗಿದುಹೋಯಿತು. ಈ ಉಪನ್ಯಾಸದಲ್ಲಿ ನಾನು ಮಾತನಾಡಬೇಕೆಂದಿರುವುದು ಆ ಬದುಕಿದ್ದವುಗಳ ಬಗ್ಗೆ, ಅಂದರೆ ಮನೆಯಲ್ಲಿ ಸಾಕಲೆಂದು ಮಾರಾಟವಾಗುವ ಹಾವು, ಹಲ್ಲಿ, ಆಮೆಗಳಂಥ ಸರೀಸೃಪಗಳ ಬಗ್ಗೆ.

ವಿಷಯಕ್ಕೆ ಬರುವ ಮುನ್ನ ಆ ಹದಿನೇಳು ಕಾಳಿಂಗಗಳ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಆಗುಂಬೆಯ ಮಳೆಕಾಡಿನ ನಾಡು ನಮ್ಮದು. ಕಾಳಿಂಗ ಎಂಬ ಹೆಸರೂ ನಮ್ಮದೇ. 2024ರಲ್ಲಿ ವಿಜ್ಞಾನಿಗಳು ಕಾಳಿಂಗ ಸರ್ಪ ಒಂದೇ ಪ್ರಭೇದವಲ್ಲ, ನಾಲ್ಕು ಎಂದು ವಿಂಗಡಿಸಿ, ಪಶ್ಚಿಮ ಘಟ್ಟದ ಹಾವಿಗೆ ಇಟ್ಟ ವೈಜ್ಞಾನಿಕ ಹೆಸರು ಓಫಿಯೋಫ್ಯಾಗಸ್ ಕಾಳಿಂಗ. ಕನ್ನಡದ ಒಂದು ಹಳ್ಳಿಯ ಮಾತು ಜಗತ್ತಿನ ಪ್ರಾಣಿಶಾಸ್ತ್ರದ ಪಟ್ಟಿಗೆ ಹೋಗಿ ಕುಳಿತ ಸಂತೋಷ ನನಗಿದೆ. ಆದರೆ ಕಾಳಿಂಗ ಮನೆಯ ಅಂಗಳಕ್ಕೆ ಬಂದರೆ ಕೈಮುಗಿದು ದಾರಿಬಿಡುವ ಜನರಿರುವ ರಾಜ್ಯದ ರಾಜಧಾನಿಗೇ ಹದಿನೇಳು ಕಾಳಿಂಗಗಳು ಸೂಟ್‌ಕೇಸಿನಲ್ಲಿ ಬರುತ್ತವೆ ಎಂದರೆ, ಅವನ್ನು ಕೊಳ್ಳುವವರು ಎಲ್ಲೋ ದೂರದ ದೇಶದಲ್ಲಿದ್ದಾರೆ ಎಂದು ನಾವು ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಸರಿ, ಹಾವುಗಳೇಕೆ ಸಾಯಲಿಲ್ಲ? ಕೋತಿಯಾಗಲಿ ಕಾಂಗರೂವಾಗಲಿ ತನ್ನ ಮೈಯ ಬಿಸಿಯನ್ನು ತಾನೇ ಕಾಯಿಸಿಕೊಳ್ಳಬೇಕಾದ ಪ್ರಾಣಿ. ಅದಕ್ಕೆ ಗಂಟೆಗಂಟೆಗೂ ಉಸಿರು ಬೇಕು, ಪದೇಪದೇ ಆಹಾರ ಬೇಕು. ಸರೀಸೃಪದ ಮೈ ಹಾಗಿಲ್ಲ. ಅದು ಬಿಸಿಲಿನಿಂದ, ಬಂಡೆಯಿಂದ ಬಿಸಿಯನ್ನು ಎರವಲು ಪಡೆಯುತ್ತದೆ, ಆದ್ದರಿಂದ ಅದರ ಒಳಗಿನ ಒಲೆ ಬಹಳ ಸಣ್ಣ ಉರಿಯಲ್ಲಿ ನಡೆಯುತ್ತದೆ. ದೊಡ್ಡ ಹೆಬ್ಬಾವೊಂದು ತಿಂಗಳುಗಟ್ಟಲೆ ಏನೂ ತಿನ್ನದೆ ಇರಬಲ್ಲದು. ಕಡಿಮೆ ಗಾಳಿಯಲ್ಲಿ, ಕತ್ತಲಲ್ಲಿ, ಬಟ್ಟೆಯ ಚೀಲದೊಳಗೆ ಗಂಟು ಕಟ್ಟಿಸಿಕೊಂಡು ದಿನಗಟ್ಟಲೆ ತಾಳಬಲ್ಲದು. ಬರಗಾಲವನ್ನೂ ಚಳಿಯನ್ನೂ ದಾಟಲೆಂದು ಪ್ರಕೃತಿ ಕೊಟ್ಟ ಈ ತಾಳ್ಮೆಯೇ ಇವತ್ತು ಅದನ್ನು ವ್ಯಾಪಾರಿಗೆ ಅತ್ಯಂತ ಅನುಕೂಲದ ಸರಕನ್ನಾಗಿ ಮಾಡಿದೆ. ಅದು ಕೂಗುವುದಿಲ್ಲ, ಮುಖ ಬಾಡಿಸುವುದಿಲ್ಲ, ನೋವನ್ನು ನಮಗೆ ಅರ್ಥವಾಗುವ ರೀತಿಯಲ್ಲಿ ತೋರಿಸುವುದೂ ಇಲ್ಲ. ಸಾಯಲು ಅದಕ್ಕೆ ಎಷ್ಟು ದಿನ ಬೇಕೆಂದರೆ, ಸಾವಿನ ಕಾರಣ ನಡೆದದ್ದು ಒಬ್ಬನ ಕೈಯಲ್ಲಿ, ಸಾವು ಸಂಭವಿಸುವುದು ಇನ್ನೊಬ್ಬನ ಮನೆಯಲ್ಲಿ.

ಇದನ್ನು ನಾನು ಕಣ್ಣಾರೆ ಕಂಡದ್ದು ಪರಿಚಿತರೊಬ್ಬರ ಮನೆಯಲ್ಲಿ. ಅವರ ಮಗ ಒಂದು ಊಸರವಳ್ಳಿಯನ್ನು ತಂದಿಟ್ಟುಕೊಂಡಿದ್ದ, ನಮ್ಮ ಕಡೆಯದ್ದಲ್ಲ, ಹೊರದೇಶದ್ದು. ಗಾಜಿನ ಪೆಟ್ಟಿಗೆ ಶುಭ್ರವಾಗಿತ್ತು; ಮೂಲೆಯಲ್ಲಿ ಒಂದು ಸುಂದರವಾದ ಪಿಂಗಾಣಿ ಬಟ್ಟಲು, ಅದರ ತುಂಬ ನೀರು. ಹುಡುಗ ದಿನಾ ಎರಡು ಸಲ ನೀರು ಬದಲಿಸುತ್ತಿದ್ದ. ಊಸರವಳ್ಳಿಯ ಕಣ್ಣುಗಳು ಗುಳಿಬಿದ್ದಿದ್ದವು, ಬೆನ್ನಿನ ಚರ್ಮ ಸುಕ್ಕುಗಟ್ಟಿತ್ತು, ಮಧ್ಯಾಹ್ನದ ಹೊತ್ತಿನಲ್ಲೂ ಅದು ಕಣ್ಣು ಮುಚ್ಚಿಕೊಂಡು ಕಡ್ಡಿಗೆ ಅಂಟಿಕೊಂಡಿತ್ತು. ಅದು ಬಾಯಾರಿಕೆಯಿಂದ ಸಾಯುತ್ತಿತ್ತು. ಊಸರವಳ್ಳಿಗಳು ಎಲೆಯ ಮೇಲಿಂದ ತೊಟ್ಟಿಕ್ಕುವ, ಹೊಳೆಯುವ ಹನಿಯನ್ನು ನೆಕ್ಕಿ ಕುಡಿಯುವ ಪ್ರಾಣಿಗಳು; ಬಟ್ಟಲಿನಲ್ಲಿ ಅಲುಗಾಡದೆ ನಿಂತ ನೀರು ಹೆಚ್ಚಿನವಕ್ಕೆ ನೀರೆಂದೇ ಹೊಳೆಯುವುದಿಲ್ಲ. ಹುಡುಗ ಕ್ರೂರಿಯಲ್ಲ, ಸೋಮಾರಿಯೂ ಅಲ್ಲ, ಅದಕ್ಕೆ ‘ರಾಜ’ ಎಂದು ಹೆಸರಿಟ್ಟು ತನ್ನ ಪಾಕೆಟ್ ಮನಿಯನ್ನೆಲ್ಲ ಅದಕ್ಕೇ ಸುರಿಯುತ್ತಿದ್ದ. ಅಂಗಡಿಯವನು ಹುಳ ತಿನ್ನಿಸುವುದನ್ನು ಹೇಳಿಕೊಟ್ಟಿದ್ದನೇ ಹೊರತು ನೀರಿನ ವಿಷಯ ಹೇಳಿರಲಿಲ್ಲ. ಪ್ರಾಯಶಃ ಅವನಿಗೂ ಗೊತ್ತಿರಲಿಲ್ಲ. ನಾವು ಪೆಟ್ಟಿಗೆಯ ಮೇಲೆ ತಳ ತೂತಾದ ಲೋಟ ಇಟ್ಟು ಹನಿ ಬೀಳುವಂತೆ ಮಾಡಿದೆವು. ಅದು ಕತ್ತು ಚಾಚಿ ಕುಡಿಯುತ್ತಲೇ ಇದ್ದದ್ದನ್ನು ನೋಡಿ ಹುಡುಗ ಅತ್ತುಬಿಟ್ಟ. ನಾಲ್ಕು ದಿನಕ್ಕೆ ಅದು ಸತ್ತಿತು. ಮೂತ್ರಪಿಂಡ ಅಷ್ಟರಲ್ಲಾಗಲೇ ಕೆಟ್ಟಿರಬೇಕು.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಹೇಳುವುದೇನೆಂದರೆ, ಸರಿಯಾಗಿ ತಿಳಿದುಕೊಂಡು ಸಾಕಿದರೆ ತೊಂದರೆಯಿಲ್ಲವಲ್ಲ ಎಂದು. ಈ ಮಾತಿನಲ್ಲಿ ಸ್ವಲ್ಪ ನಿಜವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸರೀಸೃಪಗಳನ್ನು ಬಹಳ ಶ್ರದ್ಧೆಯಿಂದ ಸಾಕುವವರು ಜಗತ್ತಿನಲ್ಲಿದ್ದಾರೆ, ಕೆಲವು ಪ್ರಭೇದಗಳ ಸಂತಾನಕ್ರಮದ ಬಗ್ಗೆ ಪ್ರಾಣಿಶಾಸ್ತ್ರಕ್ಕೆ ಮೊದಲು ತಿಳಿಸಿದವರೂ ಅವರೇ. ಆದರೆ ಕಾಡಿನಿಂದ ಹಿಡಿದ ಪ್ರಾಣಿಯ ವಿಷಯದಲ್ಲಿ ಈ ವಾದ ಲೆಕ್ಕವನ್ನು ತಪ್ಪು ಪುಟದಿಂದ ಶುರು ಮಾಡುತ್ತದೆ. ಸಾಕುವವನ ಲೆಕ್ಕ ಪ್ರಾಣಿ ಮನೆಗೆ ಬಂದ ದಿನದಿಂದ ತೆರೆಯುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಆ ಲೆಕ್ಕ ತೆರೆಯಬೇಕಾದದ್ದು ಅದನ್ನು ಹಿಡಿದ ಮರದ ಬುಡದಲ್ಲಿ. ಒಂದು ಪ್ರಾಣಿ ನಿಮ್ಮ ಗಾಜಿನ ಪೆಟ್ಟಿಗೆಗೆ ಬಂದು ತಲುಪಿದೆ ಎಂದರೆ, ತಲುಪದೇ ಹೋದವುಗಳ ಲೆಕ್ಕವೂ ನಿಮ್ಮ ಹೆಸರಿನಲ್ಲೇ ಬರೆಯಲ್ಪಟ್ಟಿರುತ್ತದೆ.

ತಲುಪದೇ ಹೋದವು ಎಷ್ಟಿರಬಹುದು ಎಂಬುದಕ್ಕೆ ಒಂದು ಕಿಟಕಿ ತೆರೆದದ್ದು 2009ರ ಡಿಸೆಂಬರಿನಲ್ಲಿ, ಅಮೆರಿಕದ ಟೆಕ್ಸಾಸ್ ರಾಜ್ಯದ ಆರ್ಲಿಂಗ್ಟನ್ ಎಂಬ ಊರಿನಲ್ಲಿ. ವಿದೇಶಿ ಸಾಕುಪ್ರಾಣಿಗಳ ಸಗಟು ವ್ಯಾಪಾರದ ಒಂದು ದೊಡ್ಡ ಗೋದಾಮಿಗೆ ಅಧಿಕಾರಿಗಳು ಹೊಕ್ಕಾಗ ಅಲ್ಲಿ 26,000ಕ್ಕೂ ಹೆಚ್ಚು ಪ್ರಾಣಿಗಳಿದ್ದವು. ಅವುಗಳಲ್ಲಿ ಸುಮಾರು 80% ರೋಗಪೀಡಿತವಾಗಿದ್ದವು, ಗಾಯಗೊಂಡಿದ್ದವು ಅಥವಾ ಸತ್ತಿದ್ದವು. ನಂತರ ಪರಿಣಿತರು ದಾಖಲೆಗಳನ್ನು ಕೂತು ಲೆಕ್ಕ ಹಾಕಿದಾಗ, ಆರು ವಾರಕ್ಕೊಮ್ಮೆ ತಿರುಗುವ ಸರಕಿನಲ್ಲಿ ಸುಮಾರು 72% ಸಾಯುತ್ತಿತ್ತು ಎಂದು ತಿಳಿದುಬಂತು. ಸತ್ತವುಗಳಲ್ಲಿ ಬಹುಪಾಲು ಸರೀಸೃಪಗಳು. ನನ್ನನ್ನು ಹೆಚ್ಚು ಕಾಡಿದ್ದು ಈ ಅಂಕಿಯಲ್ಲ. ಈ ವ್ಯಾಪಾರದಲ್ಲಿ ಇಷ್ಟು ಸಾವು ಮಾಮೂಲು ಎಂಬ ಸಮರ್ಥನೆ ಕೇಳಿಬಂದದ್ದು. ತರಕಾರಿ ಮಂಡಿಯಲ್ಲಿ ಟೊಮೆಟೊ ಕೊಳೆತ ಲೆಕ್ಕವನ್ನು ಮೊದಲೇ ಬೆಲೆಯಲ್ಲಿ ಸೇರಿಸಿಟ್ಟಿರುತ್ತಾರಲ್ಲ, ಹಾಗೆ. ಒಂದು ಪ್ರಾಣಿಯನ್ನು ಕಾಡಿನಿಂದ ಎತ್ತುವ ಬೆಲೆ ಎಷ್ಟು ಕಡಿಮೆ ಎಂದರೆ, ಅದನ್ನು ಬದುಕಿಸಲು ಖರ್ಚು ಮಾಡುವುದಕ್ಕಿಂತ ಸಾಯಲು ಬಿಟ್ಟು ಇನ್ನೊಂದನ್ನು ತರಿಸುವುದು ಅಗ್ಗ.

ಈಗ ಆ ಮರದ ಬುಡಕ್ಕೆ ಹೋಗೋಣ. ತಾಂಜಾನಿಯಾ ದೇಶದಲ್ಲಿ ಕಿಂಬೋಜಾ ಎಂಬ ಸಣ್ಣ ಕಾಡಿದೆ, ನಾಲ್ಕು ಚದರ ಕಿಲೋಮೀಟರಿನಷ್ಟು. ಅಲ್ಲಿ ಬೆಳೆಯುವ ಕೇದಗೆಯ ಜಾತಿಯ ಒಂದು ಮರದ ಎಲೆಗಳ ಸಂದಿಯಲ್ಲಿ, ನಮ್ಮ ಕಿರುಬೆರಳಿನಷ್ಟುದ್ದದ ಒಂದು ಹಲ್ಲಿ ಬದುಕುತ್ತದೆ. ಗಂಡಿನ ಬಣ್ಣ ಕಣ್ಣು ಕೋರೈಸುವ ನೀಲಿ; ಹೆಣ್ಣು ಹಸಿರು-ಕಂದು. ಕೇದಗೆಯ ಎಲೆ ನೋಡಿದವರಿಗೆ ಗೊತ್ತು: ಅಂಚಿನಲ್ಲೆಲ್ಲ ಮುಳ್ಳು, ಬುಡದಲ್ಲಿ ಒತ್ತೊತ್ತಾಗಿ ಸುತ್ತಿಕೊಂಡ ಎಲೆಗಳ ನಡುವೆ ಮಳೆಯ ನೀರು ನಿಂತಿರುತ್ತದೆ. ಕೇದಗೆಯ ಮೆಳೆಯಲ್ಲಿ ಹಾವಿರುತ್ತದೆ, ಕೈ ಹಾಕಬೇಡ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದದ್ದು ಸುಮ್ಮನಲ್ಲ. ಆ ನೀಲಿ ಹಲ್ಲಿಗೆ ಆ ಮುಳ್ಳಿನ ಎಲೆಯೇ ಕೋಟೆ, ಊರು, ಹೆರಿಗೆಮನೆ ಎಲ್ಲ. ಈ ಹಲ್ಲಿಯ ಚಿತ್ರ ಯುರೋಪಿನ ಹವ್ಯಾಸಿಗಳ ಕಣ್ಣಿಗೆ ಬಿದ್ದ ಮೇಲೆ ಬೇಡಿಕೆ ಹುಟ್ಟಿತು. 2004ರ ಕೊನೆಯಿಂದ 2009ರ ನಡುವಿನ ನಾಲ್ಕೂವರೆ ವರ್ಷಗಳಲ್ಲಿ, ಹಿಡಿಯುವವರ ಒಂದೇ ಒಂದು ಗುಂಪು ಹೊತ್ತೊಯ್ದದ್ದು 32,000ದಿಂದ 42,000ದಷ್ಟು ಹಲ್ಲಿಗಳು. ಆ ಪ್ರಭೇದದ ಆಗಿನ ಸಂಖ್ಯೆಯಲ್ಲಿ ಸುಮಾರು 15% ಎಂದು ಸಂಶೋಧಕರು ಅಂದಾಜು ಮಾಡಿದರು. ಮುಳ್ಳಿನ ಎಲೆಗಳ ನಡುವೆ ಕೈ ಹಾಕುವ ತೊಂದರೆ ಏಕೆಂದು ಅನೇಕ ಕಡೆ ಮರವನ್ನೇ ಕಡಿದು ಕೆಡವಿದರು. ಹಲ್ಲಿಗಳನ್ನು ಆರಿಸಿಕೊಂಡರು, ಮರ ಅಲ್ಲೇ ಕೊಳೆಯಿತು. ಹಿಡಿಯದೆ ಬಿಟ್ಟ ಹಲ್ಲಿಗೂ ಅಲ್ಲಿಗೆ ಮನೆಯಿಲ್ಲ.

2016ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ನಡೆದ, ಅಳಿವಿನ ಅಪಾಯದಲ್ಲಿರುವ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಸಭೆಯಲ್ಲಿ ಆ ಹಲ್ಲಿಯನ್ನು ಮೊದಲನೆಯ ಪಟ್ಟಿಗೆ ಸೇರಿಸಿದರು, ಅಂದರೆ ಕಾಡಿನಿಂದ ಹಿಡಿದು ವ್ಯಾಪಾರ ಮಾಡುವುದು ನಿಷಿದ್ಧ. ಹಿಡಿದೊಯ್ದ ಕಾಲಕ್ಕೂ ಪಟ್ಟಿಗೆ ಸೇರಿದ ಕಾಲಕ್ಕೂ ನಡುವೆ ಎಷ್ಟು ವರ್ಷ ಹೋದವು ನೋಡಿ. ಇದು ಆ ಒಂದು ಹಲ್ಲಿಯ ಹಣೆಬರಹವಲ್ಲ, ಸೈಟಿಸ್ ಎಂಬ ಏರ್ಪಾಡಿನ ಸ್ವಭಾವವೇ ಹಾಗೆ. 1973ರಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂದ, ಭಾರತ 1976ರಲ್ಲಿ ಸೇರಿಕೊಂಡ ಈ ಒಪ್ಪಂದ, ಪಟ್ಟಿಯಲ್ಲಿ ಹೆಸರಿರುವ ಪ್ರಾಣಿಯನ್ನು ಮಾತ್ರ ನೋಡುತ್ತದೆ. ಹೆಸರಿಲ್ಲದ ಪ್ರಾಣಿಯನ್ನು ಎಷ್ಟು ಸಾಗಿಸಿದರೂ ಅದಕ್ಕೆ ಕಾಣುವುದಿಲ್ಲ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ, ಜಗತ್ತಿನ ಸರೀಸೃಪ ಪ್ರಭೇದಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು, ಅಂದರೆ 3,900ಕ್ಕೂ ಮೀರಿದ ಪ್ರಭೇದಗಳು ವ್ಯಾಪಾರದಲ್ಲಿವೆ ಎಂದೂ, ಅವುಗಳಲ್ಲಿ ಮುಕ್ಕಾಲು ಪಾಲು ಯಾವ ಅಂತರರಾಷ್ಟ್ರೀಯ ನಿಯಂತ್ರಣಕ್ಕೂ ಒಳಪಟ್ಟಿಲ್ಲವೆಂದೂ, ಮಾರಾಟವಾಗುವ ಪ್ರಾಣಿಗಳಲ್ಲಿ ಸುಮಾರು ಅರ್ಧದಷ್ಟು ಕಾಡಿನಿಂದಲೇ ಹಿಡಿದವೆಂದೂ ತೋರಿಸಿತು.

ಇಲ್ಲಿ ನಾನು ಸ್ವಲ್ಪ ನಮ್ಮವರನ್ನೇ, ಅಂದರೆ ಪ್ರಾಣಿಶಾಸ್ತ್ರ ಓದಿದವರನ್ನೇ, ದೂರಬೇಕಾಗಿದೆ. 1999ರಲ್ಲಿ ಚೀನಾದ ದಕ್ಷಿಣ ಭಾಗದ ಸುಣ್ಣಕಲ್ಲಿನ ಬೆಟ್ಟದಲ್ಲಿ ಒಂದು ಹೊಸ ಹಲ್ಲಿಯನ್ನು ಗುರುತಿಸಿ, ಸಂಪ್ರದಾಯದಂತೆ ಅದು ಸಿಕ್ಕ ಜಾಗವನ್ನೂ ಪ್ರಬಂಧದಲ್ಲಿ ಬರೆದರು. ಆ ಪ್ರಬಂಧವೇ ಹಿಡಿಯುವವರಿಗೆ ದಾರಿಸೂಚಿಯಾಯಿತು. ಕೆಲವೇ ವರ್ಷಗಳಲ್ಲಿ ಆ ಜಾಗದಲ್ಲಿ ಆ ಹಲ್ಲಿ ಇಲ್ಲವಾಯಿತು. ಇಂಡೋನೇಷ್ಯಾದ ರೋಟಿ ದ್ವೀಪದ ಉದ್ದ ಕತ್ತಿನ ಆಮೆಯನ್ನು 1994ರಲ್ಲಿ ಹೊಸ ಪ್ರಭೇದವೆಂದು ಘೋಷಿಸಿದ ಮೇಲೆ ಅದಕ್ಕೂ ಇದೇ ಗತಿ. ಈಗ ಹಲವು ಸಂಶೋಧಕರು ಹೊಸ ಪ್ರಭೇದ ಸಿಕ್ಕ ಸ್ಥಳವನ್ನು ಉದ್ದೇಶಪೂರ್ವಕವಾಗಿ ಮಸುಕಾಗಿ ಬರೆಯುತ್ತಾರೆ. ಜ್ಞಾನವನ್ನು ಬಚ್ಚಿಡುವುದು ವಿಜ್ಞಾನದ ಧರ್ಮಕ್ಕೆ ವಿರುದ್ಧ ಎಂದು ಕಲಿತ ಪೀಳಿಗೆ ನನ್ನದು. ಈ ವಿಷಯದಲ್ಲಿ ಬಚ್ಚಿಡುವವರೇ ಸರಿ ಎಂದು ಈಗ ಒಪ್ಪಿಕೊಂಡಿದ್ದೇನೆ.

ಇನ್ನು ಕಾಗದದ ವಿಷಯ. ಸೈಟಿಸ್ ಪರವಾನಗಿಯಲ್ಲಿ ಪ್ರಾಣಿಯ ಮೂಲವನ್ನು ಒಂದು ಅಕ್ಷರದಿಂದ ಸೂಚಿಸುತ್ತಾರೆ: ಕಾಡಿನದಾದರೆ ‘ಡಬ್ಲ್ಯು’, ಬಂಧನದಲ್ಲಿಯೇ ಹುಟ್ಟಿಸಿದ ಮರಿಯಾದರೆ ‘ಸಿ’. ಈ ‘ಸಿ’ ಎಂಬ ಅಕ್ಷರ ಕೊಳ್ಳುವವನ ಮನಸ್ಸಾಕ್ಷಿಯನ್ನು ತೊಳೆದುಬಿಡುತ್ತದೆ. ‘ಇದು ಫಾರಂನಲ್ಲಿ ಹುಟ್ಟಿದ್ದು, ಕಾಡಿಗೂ ಇದಕ್ಕೂ ಸಂಬಂಧವಿಲ್ಲ’ ಎಂದು ಅಂಗಡಿಯವನು ಹೇಳುತ್ತಾನೆ, ಕಾಗದವನ್ನೂ ತೋರಿಸುತ್ತಾನೆ. ಇಂಡೋನೇಷ್ಯಾದ ಪಪುವಾ ಮತ್ತು ಸುತ್ತಲಿನ ದ್ವೀಪಗಳ ಹಸಿರು ಮರಹೆಬ್ಬಾವನ್ನು ತೆಗೆದುಕೊಳ್ಳಿ. ಮರಿಯಾಗಿದ್ದಾಗ ಅದು ನಿಂಬೆಹಳದಿ ಅಥವಾ ಇಟ್ಟಿಗೆಗೆಂಪು, ದೊಡ್ಡದಾದ ಮೇಲೆ ಎಲೆಹಸಿರು. ಆ ಬಣ್ಣದ ಮರಿಗಳಿಗಾಗಿಯೇ ಬೇಡಿಕೆ. 2009ರಿಂದ 2011ರವರೆಗೆ ಇಬ್ಬರು ಸಂಶೋಧಕರು ಊರೂರು ತಿರುಗಿ ಹಿಡಿಯುವವರ, ಮಧ್ಯವರ್ತಿಗಳ ಬಳಿ ಹಾವುಗಳನ್ನು ಎಣಿಸಿ, ಅವು ಸಾಗಿದ ದಾರಿಯನ್ನು ಹಿಂಬಾಲಿಸಿ ನೋಡಿದಾಗ, ಫಾರಂನಲ್ಲಿ ಹುಟ್ಟಿದವು ಎಂಬ ಹೆಸರಿನಲ್ಲಿ ರಫ್ತಾಗುತ್ತಿದ್ದ ಹಾವುಗಳಲ್ಲಿ ಸುಮಾರು 80% ಕಾಡಿನಿಂದ ಹಿಡಿದವು ಎಂದು ತಿಳಿಯಿತು. ವರ್ಷಕ್ಕೆ 5,000ಕ್ಕೂ ಹೆಚ್ಚು ಹಾವುಗಳು ಹೀಗೆ ಹೋಗುತ್ತಿದ್ದವು.

ಇದಕ್ಕಿಂತ ಸೊಗಸಾದ ಲೆಕ್ಕವೊಂದಿದೆ, ಗಣಿತ ಮೇಷ್ಟ್ರುಗಳು ಇಲ್ಲಿದ್ದರೆ ಮೆಚ್ಚುತ್ತೀರಿ. ಟೋಕೆ ಎಂಬ ದೊಡ್ಡ ಹಲ್ಲಿಯನ್ನು, ನಮ್ಮ ಈಶಾನ್ಯ ರಾಜ್ಯಗಳಲ್ಲೂ ಇರುವ ಹಲ್ಲಿ ಅದು, ಬಂಧನದಲ್ಲಿ ಹುಟ್ಟಿಸಿ ಸಾಕುಪ್ರಾಣಿಯಾಗಿ ರಫ್ತು ಮಾಡಲು ಇಂಡೋನೇಷ್ಯಾ ಒಂದು ಹಂತದಲ್ಲಿ ವರ್ಷಕ್ಕೆ 30 ಲಕ್ಷದವರೆಗೆ ಅನುಮತಿ ಕೊಟ್ಟಿತ್ತು. ಇಬ್ಬರು ಸಂಶೋಧಕರು ಕಾಗದ ಪೆನ್ಸಿಲ್ ಹಿಡಿದು ಕುಳಿತರು. ಹತ್ತು ಲಕ್ಷ ಟೋಕೆಗಳನ್ನು ವರ್ಷವೊಂದರಲ್ಲಿ ಬೆಳೆಸಬೇಕಾದರೆ ಏನೇನು ಬೇಕು? 1,40,000 ಹೆಣ್ಣು, 14,000 ಗಂಡು, ಮೊಟ್ಟೆಗೆ ಕಾವು ಕೊಡುವ 30,000 ಡಬ್ಬಿಗಳು, ಮರಿ ಬೆಳೆಸುವ 1,12,000 ಪಂಜರಗಳು, ಅವಕ್ಕೆಲ್ಲ ದಿನವೂ ಜೀವಂತ ಹುಳ ತಿನ್ನಿಸಲು ನೂರಾರು ಆಳುಗಳು. ಇಷ್ಟೆಲ್ಲ ಖರ್ಚು ಮಾಡಿ ಮಾರುವ ಹಲ್ಲಿಯ ಬೆಲೆಯೋ ಬಹಳ ಕಡಿಮೆ. ಗೋಡೆಯ ಮೇಲಿಂದ ಹಿಡಿದು ತಂದರೆ ಖರ್ಚೇ ಇಲ್ಲ. ಅಂಥ ಫಾರಂ ಇರುವುದು ಸಾಧ್ಯವೇ ಎಂಬುದನ್ನು ನೀವೇ ತೀರ್ಮಾನಿಸಿ. 2019ರಲ್ಲಿ ಟೋಕೆಯೂ ಸೈಟಿಸ್‌ನ ಎರಡನೆಯ ಪಟ್ಟಿಗೆ, ಅಂದರೆ ಪರವಾನಗಿಯಿದ್ದರೆ ಮಾತ್ರ ವ್ಯಾಪಾರ ಮಾಡಬಹುದಾದ ಪ್ರಾಣಿಗಳ ಪಟ್ಟಿಗೆ, ಸೇರಿತು.

ಕಾನೂನಿನ ಇನ್ನೊಂದು ತೂತನ್ನು ನಮ್ಮ ನೆರೆಯ ಶ್ರೀಲಂಕಾ ಅನುಭವಿಸಿದೆ. ಅಲ್ಲಿನ ಕೊಂಬಿನ ಮೂಗಿನ ಓತಿಗಳನ್ನು ಆ ದೇಶದ ಕಾನೂನು ರಕ್ಷಿಸುತ್ತದೆ, ಹೊರಗೆ ಒಯ್ಯಲು ಅನುಮತಿಯಿಲ್ಲ. ಆದರೂ ಅವು ಯುರೋಪಿನಲ್ಲಿ ರಾಜಾರೋಷವಾಗಿ ಮಾರಾಟವಾದವು. ಹೇಗೆ? ಸೈಟಿಸ್ ಪಟ್ಟಿಯಲ್ಲಿ ಹೆಸರಿಲ್ಲದ ಪ್ರಾಣಿ ಒಮ್ಮೆ ಗಡಿ ದಾಟಿತೆಂದರೆ, ಅದನ್ನು ಹುಟ್ಟಿದ ದೇಶದಿಂದ ಕದ್ದು ತಂದದ್ದೇ ಎಂದು ಕೇಳುವ ಕಾನೂನು ಅಲ್ಲಿರಲಿಲ್ಲ. ಅಮೆರಿಕದಲ್ಲಾದರೋ 1900ರಷ್ಟು ಹಳೆಯ ಲೇಸಿ ಕಾಯ್ದೆಯ ಬಲದಿಂದ, ಬೇರೆ ದೇಶದ ಕಾನೂನನ್ನು ಮುರಿದು ಹಿಡಿದ ಪ್ರಾಣಿಯನ್ನು ತಂದರೆ ಅದೂ ಅಪರಾಧ. ಶ್ರೀಲಂಕಾದ ಒತ್ತಾಯದಿಂದ 2019ರಲ್ಲಿ ಆ ಓತಿಗಳ ಹೆಸರೂ ಪಟ್ಟಿಗೆ ಬಂತು. ಕದ್ದ ಚಿನ್ನವನ್ನು ಪಕ್ಕದ ಊರಿನಲ್ಲಿ ಮಾರಿದರೆ ತಪ್ಪಿಲ್ಲ ಎಂಬ ನ್ಯಾಯವನ್ನು ಯಾವ ಊರಿನ ಪಂಚಾಯಿತಿಯೂ ಒಪ್ಪುವುದಿಲ್ಲ, ಆದರೆ ಓತಿಯ ವಿಷಯದಲ್ಲಿ ಯುರೋಪಿನ ಶ್ರೀಮಂತ ದೇಶಗಳು ಅದನ್ನು ದಶಕಗಟ್ಟಲೆ ಒಪ್ಪಿಕೊಂಡಿದ್ದವು.

ನಮ್ಮ ಮನೆಯೂ ಅಷ್ಟೇನೂ ಚೊಕ್ಕಟವಾಗಿರಲಿಲ್ಲ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ನೆಲದ ಪ್ರಾಣಿಗಳಿಗೆ ಬಿಗಿಯಾದ ಬೇಲಿ ಹಾಕಿತು, ಹೊರದೇಶದ ಪ್ರಾಣಿಗಳ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ನಾಗರಹಾವನ್ನು ಮನೆಯಲ್ಲಿಟ್ಟುಕೊಂಡರೆ ಜೈಲು, ಆಫ್ರಿಕಾದ ಹೆಬ್ಬಾವನ್ನು ಇಟ್ಟುಕೊಂಡರೆ ಹವ್ಯಾಸ. ಗಡಿಯಲ್ಲಿ ಸಿಕ್ಕಿಬೀಳದೆ ಒಳಗೆ ಬಂದ ಪ್ರಾಣಿಯ ಹುಟ್ಟುಚೀಟಿಯನ್ನು ಆಮೇಲೆ ಕೇಳುವವರೇ ಇರಲಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ, ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡಿರುವವರು ಆರು ತಿಂಗಳೊಳಗೆ ಸ್ವಯಂಪ್ರೇರಿತವಾಗಿ ಘೋಷಿಸಿಕೊಂಡರೆ ದಾಖಲೆ ಕೇಳುವುದಿಲ್ಲ ಎಂದು ಸೂಚನೆ ಹೊರಡಿಸಿತು. ಎಣಿಕೆ ಎಲ್ಲಿಂದಲಾದರೂ ಶುರುವಾಗಬೇಕಿತ್ತು, ಒಪ್ಪುತ್ತೇನೆ. ಆದರೆ ಕಳ್ಳಸಾಗಣೆಯಲ್ಲಿ ಬಂದದ್ದಕ್ಕೂ ಆ ಒಂದು ಅರ್ಜಿಯಿಂದ ಮರ್ಯಾದೆಯ ಗುರುತು ದೊರೆತಂತಾಯಿತು ಎಂಬುದು ನನ್ನ ಅಭಿಪ್ರಾಯ. 2022ರ ತಿದ್ದುಪಡಿ, 2023ರ ಏಪ್ರಿಲ್‌ನಿಂದ ಜಾರಿಗೆ ಬಂದದ್ದು, ಸೈಟಿಸ್ ಪಟ್ಟಿಯ ಪ್ರಾಣಿಗಳನ್ನು ನಾಲ್ಕನೆಯ ಅನುಸೂಚಿಗೆ ಸೇರಿಸಿ, ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕೆಂದು ಹೇಳಿದೆ. ಅದರ ನಿಯಮಗಳು 2024ರಲ್ಲಿ ಬಂದಿವೆ. ಇದು ದೊಡ್ಡ ಸುಧಾರಣೆಯೇ. ಪಟ್ಟಿಯಲ್ಲಿಲ್ಲದ ಪ್ರಾಣಿಯ ಪ್ರಶ್ನೆ ಮಾತ್ರ ಇನ್ನೂ ಹಾಗೆಯೇ ಇದೆ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಗಟ್ಟಿಯಾದ ವಾದವನ್ನು ಮುಚ್ಚಿಟ್ಟರೆ ಅನ್ಯಾಯವಾಗುತ್ತದೆ. ಹಿಡಿಯುವವನು ಬಡವ, ಕಾಡಿನಿಂದ ಅವನಿಗೆ ಬೇರೆ ಆದಾಯವಿಲ್ಲ, ಹಲ್ಲಿಗೆ ಬೆಲೆ ಬಂದರೆ ಹಲ್ಲಿಯ ಕಾಡನ್ನು ಅವನೇ ಉಳಿಸಿಕೊಳ್ಳುತ್ತಾನೆ ಎನ್ನುವ ವಾದ ಅದು. ಈ ವಾದದ ಅತಿ ದೊಡ್ಡ ಪರೀಕ್ಷೆ ನಡೆದಿರುವುದು ಪಶ್ಚಿಮ ಆಫ್ರಿಕಾದ ಟೋಗೋ, ಬೆನಿನ್, ಘಾನಾ ದೇಶಗಳಲ್ಲಿ, ಬೆಂಗಳೂರಿನ ಚೀಲದಲ್ಲಿ ಸಿಕ್ಕಿತಲ್ಲ, ಅದೇ ಬಾಲ್ ಪೈಥಾನ್ ವಿಷಯದಲ್ಲಿ. ಹೆದರಿದಾಗ ತಲೆಯನ್ನು ಒಳಗೆ ಮುಚ್ಚಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. ನಾವು ಅದನ್ನು ಸಾಧು ಪ್ರಾಣಿ, ಹಿಡಿದರೂ ಕಚ್ಚುವುದಿಲ್ಲ ಎಂದು ಹೊಗಳುತ್ತೇವೆ. ಅದರ ಭಯವನ್ನೇ ಗುಣವೆಂದು ಮಾರುತ್ತೇವೆ. 1975ರಿಂದ ಈಚೆಗೆ ಪಶ್ಚಿಮ ಆಫ್ರಿಕಾದಿಂದ 30 ಲಕ್ಷಕ್ಕೂ ಹೆಚ್ಚು ಬಾಲ್ ಪೈಥಾನ್‌ಗಳು ರಫ್ತಾಗಿವೆ. ಬಿಲ ಅಗೆದು ಬಸಿರಾದ ಹೆಣ್ಣುಗಳನ್ನು ತಂದು, ಫಾರಂನಲ್ಲಿ ಮೊಟ್ಟೆ ಇಡಿಸಿ, ಮರಿಗಳನ್ನು ಹೊರದೇಶಕ್ಕೆ ಕಳಿಸಿ, ಒಂದು ಪಾಲನ್ನು ಕಾಡಿಗೆ ಬಿಡುವುದು ಅಲ್ಲಿನ ಪದ್ಧತಿ. ಸಾಗುವಳಿಯೇ ಅಲ್ಲವೇ ಇದು ಎಂದು ಕೇಳಬಹುದು. ಕಾಡಿನ ಹೆಣ್ಣಿಲ್ಲದೆ ಒಂದು ವರ್ಷವೂ ನಡೆಯದ ಸಾಗುವಳಿ ಇದು. ಹಳ್ಳಿಯಲ್ಲಿ ಹಿಡಿದವನಿಗೆ ಸಿಗುವ ದುಡ್ಡಿಗೂ, ಸಮುದ್ರದಾಚೆಯ ಅಂಗಡಿಯಲ್ಲಿ ಅದೇ ಹಾವಿಗೆ ಹಚ್ಚುವ ಬೆಲೆಗೂ ಯಾವ ಸಂಬಂಧವೂ ಇಲ್ಲ. ಬಡವನ ಹೆಸರಿನಲ್ಲಿ ನಡೆಯುವ ಈ ವ್ಯಾಪಾರದಲ್ಲಿ ಬಡವನ ಪಾಲು ಎಷ್ಟೆಂದು ಮೊದಲು ತೋರಿಸಿ ಎಂದು ಕೇಳುವ ಹಕ್ಕು ನಮಗಿದೆ. ಕಿಂಬೋಜಾದಲ್ಲಿ ಹಲ್ಲಿಗೆ ಬೆಲೆ ಬಂದದ್ದು ಮರವನ್ನು ಉಳಿಸಲಿಲ್ಲ, ಬೀಳಿಸಿತು.

ಅದೇ ಬೆನಿನ್ ದೇಶದ ವಿದಾ ಎಂಬ ಊರಿನಲ್ಲಿ ಒಂದು ಹೆಬ್ಬಾವಿನ ಗುಡಿಯಿದೆ. ವೊಡುನ್ ಪಂಥದವರು ಆ ಹಾವನ್ನು ದೈವವೆಂದು ಕಾಣುತ್ತಾರೆ, ಮನೆಯೊಳಗೆ ಬಂದರೆ ಹೊಡೆಯುವುದಿಲ್ಲ. ತುಳುನಾಡಿನ ನಾಗಬನದ ಪಕ್ಕದಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ದೇಶದಲ್ಲಿ ಒಂದೇ ಹಾವು ಗುಡಿಯಲ್ಲಿ ದೇವರು, ಗೋದಾಮಿನಲ್ಲಿ ಸರಕು. ನಾವೇನು ಕಡಿಮೆ? ನಾಗರಪಂಚಮಿಗೆ ಹಾಲೆರೆಯುವ ನಾಡಿನಲ್ಲೇ ಮಣ್ಣುಮುಕ್ಕ ಹಾವನ್ನು ಎರಡು ತಲೆಯ ಹಾವು, ಮನೆಯಲ್ಲಿದ್ದರೆ ನಿಧಿ ಸಿಗುತ್ತದೆ ಎಂದು ನಂಬಿಸಿ ಲಕ್ಷಗಟ್ಟಲೆ ರೂಪಾಯಿಗೆ ಮಾರುವವರೂ ಇದ್ದಾರೆ.

ನಾವು ಕೊಳ್ಳುವವರು ಮಾತ್ರವಲ್ಲ, ಕಳಕೊಳ್ಳುವವರೂ ಹೌದು ಎಂಬುದನ್ನು ನಕ್ಷತ್ರ ಆಮೆ ನೆನಪಿಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರದಿಂದ ಆಂಧ್ರದವರೆಗಿನ ಕುರುಚಲು ಕಾಡಿನ, ಹೊಲದ ಬದುವಿನ ಪ್ರಾಣಿ ಅದು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಆಂಧ್ರದ ಕಡೆಯ ಒಂದೇ ಒಂದು ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ಆಮೆಗಳನ್ನು ಹಿಡಿಯಲಾಗುತ್ತಿತ್ತು. 2019ರಲ್ಲಿ ಅದನ್ನು ಸೈಟಿಸ್‌ನ ಮೊದಲನೆಯ ಪಟ್ಟಿಗೆ ಏರಿಸಿದರು. 2018ರ ನವೆಂಬರಿನಲ್ಲಿ ಸಿಂಗಪುರದಲ್ಲಿ ರಕ್ಷಿಸಲ್ಪಟ್ಟ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ಕರೆತಂದರು. ಆಗ ನಮಗೆಲ್ಲ ತವರಿಗೆ ಮಗಳು ಬಂದಷ್ಟು ಸಂತೋಷವಾಯಿತು. ಆದರೆ ಹಿಡಿದು ಸಾಗಿಸಿದ ಆಮೆಗಳನ್ನು ಕಾಡಿಗೆ ಮರಳಿ ಬಿಡುವುದು ಎಷ್ಟು ಕಷ್ಟವೆಂದು ಕೆಲವರಿಗಷ್ಟೇ ಗೊತ್ತು: ಯಾವ ಆಮೆ ಯಾವ ಊರಿನ ಹೊಲದ್ದು ಎಂದು ತಿಳಿಯದು, ವಾಯುವ್ಯ ಭಾರತದ ತಳಿಯೂ ದಕ್ಷಿಣದ ತಳಿಯೂ ಒಂದೇ ಚೀಲದಲ್ಲಿ ಬೆರೆತಿರುತ್ತವೆ, ಬೇರೆ ದೇಶದ ಪ್ರಾಣಿಗಳ ರೋಗ ಹತ್ತಿಸಿಕೊಂಡಿದ್ದರೆ ಅದನ್ನು ನಮ್ಮ ಕಾಡಿಗೆ ನಾವೇ ಬಿಟ್ಟಂತಾಗುತ್ತದೆ. ನಮ್ಮ ಆಮೆ ಸಿಂಗಪುರದ ಯಾರದೋ ಮನೆಯ ಪೆಟ್ಟಿಗೆಯಲ್ಲಿದೆ ಎಂದಾಗ ನಮಗೆ ಆಗುವ ಸಂಕಟ, ಟೋಗೋದ ಹಾವು ಇಂದಿರಾನಗರದ ಪೆಟ್ಟಿಗೆಯಲ್ಲಿದೆ ಎಂದಾಗ ಏಕೆ ಆಗುವುದಿಲ್ಲ ಎಂದು ನಾನು ನನ್ನನ್ನೇ ಕೇಳಿಕೊಂಡಿದ್ದೇನೆ.

ಆದ್ದರಿಂದ ನನ್ನ ನಿಲುವು ಇದು. ಕಾಡಿನಿಂದ ಹಿಡಿದ ಸರೀಸೃಪವನ್ನು ಸಾಕುವ ಸಲುವಾಗಿ ತರಿಸಿಕೊಳ್ಳುವುದನ್ನು, ಅದರ ಹೆಸರು ಪಟ್ಟಿಯಲ್ಲಿರಲಿ ಇಲ್ಲದಿರಲಿ, ನಿಲ್ಲಿಸಬೇಕು. ಬಂಧನದಲ್ಲಿ ಹುಟ್ಟಿದ್ದು ಎನ್ನುವವರು ಅದನ್ನು ಸಾಧಿಸಿ ತೋರಿಸುವ ಹೊಣೆ ಹೊರಬೇಕು. ಅನುಮಾನಕ್ಕೆ ಆಸ್ಪದವಿದ್ದರೆ ಅದರ ಲಾಭ ಕಾಡಿಗೆ ಸಿಗಬೇಕೇ ಹೊರತು ವ್ಯಾಪಾರಿಗಲ್ಲ. ಇದು ಕಠಿಣವಾಯಿತು ಎಂದು ಅನೇಕ ಸ್ನೇಹಿತರು ಹೇಳಿದ್ದಾರೆ.

ಉಪನ್ಯಾಸ ಮುಗಿಯುವ ಹೊತ್ತಿಗೆ ಎರಡನೆಯ ಸಾಲಿನಿಂದ ಒಬ್ಬ ತರುಣಿ ಎದ್ದು ಕೇಳಿದ ಪ್ರಶ್ನೆಗೆ ಉತ್ತರ ಹೇಳಿದರೆ ನನ್ನ ಕೆಲಸ ಆಯಿತು. ‘ಸರ್, ನಮ್ಮ ಮನೆಯಲ್ಲಿ ಈಗಾಗಲೇ ಒಂದು ಇಗ್ವಾನಾ ಇದೆ, ಅದನ್ನೇನು ಮಾಡಲಿ?’ ಎಂದು ಆಕೆ ಕೇಳಿದರು. ದಯವಿಟ್ಟು ಕೆರೆಯ ದಂಡೆಗೋ ಬನ್ನೇರುಘಟ್ಟದ ಕಡೆಗೋ ಒಯ್ದು ಬಿಡಬೇಡಿ. ಅಮೆರಿಕದ ಫ್ಲಾರಿಡಾದಲ್ಲಿ ಜನ ಸಾಕಲಾರದೆ ಬಿಟ್ಟ ಬರ್ಮಾ ಹೆಬ್ಬಾವುಗಳು ಅಲ್ಲಿನ ಎವರ್‌ಗ್ಲೇಡ್ಸ್ ಜೌಗಿನ ಅನೇಕ ಸಣ್ಣ ಪ್ರಾಣಿಗಳನ್ನು ತಿಂದು ತೇಗಿದವು. 2017ರಲ್ಲಿ ಅವನ್ನು ಹುಡುಕಿ ಹಿಡಿಯಲು ಹಾವು ಹಿಡಿಯುವುದರಲ್ಲಿ ಪಳಗಿದ ತಮಿಳುನಾಡಿನ ಇರುಳ ಬುಡಕಟ್ಟಿನ ಇಬ್ಬರನ್ನು ಅಲ್ಲಿಗೆ ಕರೆಸಿಕೊಳ್ಳಬೇಕಾಯಿತು. ನಿಮ್ಮ ಇಗ್ವಾನಾವನ್ನು ಕಾನೂನಿನ ಪ್ರಕಾರ ನೋಂದಣಿ ಮಾಡಿಸಿ, ಜೊತೆ ತಂದು ಮರಿ ಮಾಡಿಸಬೇಡಿ, ಅದು ಸಾಯುವವರೆಗೆ ಸಾಕಿ. ಹದಿನೈದು ವರ್ಷವೋ ಇನ್ನೂ ಹೆಚ್ಚೋ ಆಗಬಹುದು. ಅದರ ಪೆಟ್ಟಿಗೆಗೆ ಹಾಕಿರುವ ನೇರಳಾತೀತ ದೀಪವನ್ನು ಯಾವಾಗ ಬದಲಾಯಿಸಿದಿರಿ ಎಂದು ನಾನು ಕೇಳಿದೆ. ‘ಅದು ಚೆನ್ನಾಗಿಯೇ ಉರಿಯುತ್ತಿದೆಯಲ್ಲ ಸರ್’ ಎಂದರು. ಆ ದೀಪಗಳಲ್ಲಿ ಹೆಚ್ಚಿನವು ಆರು ತಿಂಗಳು, ವರ್ಷ ಕಳೆದರೆ ಕಣ್ಣಿಗೆ ಬೆಳಕು ಕೊಡುತ್ತಲೇ ಇರುತ್ತವೆ, ಆದರೆ ಮೂಳೆಗೆ ಬೇಕಾದ ಕಿರಣ ಅಷ್ಟರಲ್ಲಿ ಬಹುಮಟ್ಟಿಗೆ ನಿಂತುಹೋಗಿರುತ್ತದೆ. ಇವತ್ತು ಮನೆಗೆ ಹೋದ ಕೂಡಲೇ ಅದರ ಹಿಂಗಾಲನ್ನು ಮೆತ್ತಗೆ ಹಿಡಿದು ನೋಡಿ, ಅದು ಊದಿಕೊಂಡಿದೆಯೇ, ಕೆಳದವಡೆ ರಬ್ಬರಿನಂತೆ ಬಾಗುತ್ತದೆಯೇ ಎಂದು. ಬಾಗಿದರೆ ನಾಳೆ ಬೆಳಿಗ್ಗೆಯೇ ಪಶುವೈದ್ಯರ ಬಳಿ ಕರೆದುಕೊಂಡು ಹೋಗಿ.